ಪತ್ತನಾಜೆಗೆ ಮುಂಚೆ ಅಟ್ಟ ತುಂಬಿರುತ್ತಿತ್ತು

ಮೇ ತಿಂಗಳ ಕೊನೆಯ ವಾರದಲ್ಲಿ ಪತ್ತನಾಜೆ ಬಂತೆಂದರೆ ಕೋಲ, ನೇಮ, ಜಾತ್ರೆ ಎಲ್ಲ ಮುಗಿಯಿತು. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದವು. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಕೃಷಿಕರ ಮನೆಗಳಲ್ಲಿ ಅದು ಇನ್ನೊಂದು ಗಡುವೂ ಆಗಿತ್ತು. ಮಳೆಗಾಲ ದಾಟಿಸಲು ಬೇಕಾದ ಅಕ್ಕಿ, ಕಟ್ಟಿಗೆ, ಉಪ್ಪು, ಮೆಣಸು ಎಲ್ಲ ಅಷ್ಟರೊಳಗೆ ಮಾಡಿನಡಿ ಸೇರಿರಬೇಕು. ಹೊಳೆ ತುಂಬಿ ಸಂಕ ಕೊಚ್ಚಿಕೊಂಡು ಹೋದರೆ ಪೇಟೆಯ ದಾರಿ ಎಷ್ಟು ದಿನ ಇಲ್ಲವೋ ಹೇಳುವಂತಿರಲಿಲ್ಲ.

ಒಲೆಯ ನೇರಕ್ಕಿದ್ದ ಅಟ್ಟವೇ ಮನೆಯ ಧೈರ್ಯ. ಬೈಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿಗಳು ಹೊಗೆ ಕುಡಿಯುತ್ತ ಅಲ್ಲೇ ಕೂರುತ್ತಿದ್ದವು, ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಹಲಸಿನ ಹಪ್ಪಳದ ಕಟ್ಟು, ಒಣಗಿಸಿದ ಪುನರ್ಪುಳಿ ಸಿಪ್ಪೆ, ಹುಣಸೆಹುಳಿ, ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ ಎಲ್ಲದಕ್ಕೂ ಜಾಗವಿತ್ತು. ಹಸಿ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಮೂಲೆಯಲ್ಲಿ ಇಡುತ್ತಿದ್ದರು. ಜಂತಿಗೆ ಬಾಳೆಬಳ್ಳಿಯಲ್ಲಿ ಕಟ್ಟಿದ ಸೌತೆಕಾಯಿಗಳ ಸಾಲು. ಒಂದಕ್ಕೊಂದು ತಾಗಬಾರದು, ಪೆಟ್ಟು ಬಿದ್ದದ್ದು ಮೊದಲು ಸಾಂಬಾರಿಗೆ ಹೋಗಬೇಕು. ದಿನಕ್ಕೊಮ್ಮೆ ಕತ್ತೆತ್ತಿ ನೋಡುವುದು ಅಜ್ಜಿಯರ ಕೆಲಸ.

ಇವೆಲ್ಲದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಉಪ್ಪುಸೊಳೆ. ಬಲಿತಿರಬೇಕು, ಹಣ್ಣಾಗಿರಬಾರದು, ಅಂಥ ಹಲಸನ್ನೇ ಆರಿಸಬೇಕು. ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಿ, ಬೀಜ ತೆಗೆದು, ಭರಣಿಯಲ್ಲಿ ಒಂದು ಪದರ ಸೊಳೆ, ಮೇಲೊಂದು ಹಿಡಿ ಹರಳುಪ್ಪು, ಮತ್ತೆ ಸೊಳೆ. ತುಂಬಿದ ಮೇಲೆ ಭಾರಕ್ಕೆ ಕಲ್ಲು ಹೇರಿ, ಬಾಯಿಗೆ ಬಟ್ಟೆ ಕಟ್ಟಿದರೆ ಸೊಳೆ ತನ್ನ ನೀರು ತಾನೇ ಬಿಟ್ಟುಕೊಳ್ಳುತ್ತದೆ. ಉಪ್ಪು ಕಡಿಮೆಯಾದರೆ ಕೊಳೆಯಿತು. ಹೆಚ್ಚಾದರೆ ಎಷ್ಟು ತೊಳೆದರೂ ಬಾಯಿಗಿಡುವಂತಿಲ್ಲ. ಆ ಹದ ಯಾವ ಪುಸ್ತಕದಲ್ಲೂ ಇರಲಿಲ್ಲ, ಹಾಕುವವರ ಮುಷ್ಟಿಯಲ್ಲಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ ಬೇಕಾದಷ್ಟು ತೆಗೆದು ನೀರಲ್ಲಿ ನೆನೆಹಾಕಿ ಉಪ್ಪು ಬಿಡಿಸಿದರೆ ಪಲ್ಯ, ರೊಟ್ಟಿ, ಮಕ್ಕಳಿಗೆ ಉಂಡ್ಲಕಾಳು. ತರಕಾರಿ ಅಂಗಡಿಯ ಮುಖ ನೋಡದೆ ಮನೆ ಮಂದಿಯೆಲ್ಲ ಉಣ್ಣುತ್ತಿದ್ದರು.

ಅಟ್ಟ ಎಲ್ಲರಿಗೂ ಇರಲಿಲ್ಲ, ಈ ಮಾತು ಮರೆಮಾಚಬಾರದು. ಕೂಲಿಯನ್ನೇ ನಂಬಿದವರಿಗೆ ಆಟಿಯೆಂದರೆ ಹಸಿವಿನ ತಿಂಗಳು. ತಗತೆ ಸೊಪ್ಪು, ಕೆಸು, ಕಳಲೆಯಲ್ಲಿ ದಿನ ದೂಡಿದವರು ಅವರು. ಅಟ್ಟವಿದ್ದ ಮನೆಗಳಲ್ಲೂ ಬಿಸಿಲಲ್ಲಿ ಬೆಂದು ಹಪ್ಪಳ ತಟ್ಟಿದ್ದು ಹೆಂಗಸರೇ. ಆ ದುಡಿಮೆ ತಗ್ಗಿದ್ದು ಒಳ್ಳೆಯದೇ ಆಯಿತು. ಆದರೆ ದುಡಿಮೆಯ ಜೊತೆಗೆ ತಿಳಿವಳಿಕೆಯೂ ಹೋಗಿಬಿಟ್ಟಿತಲ್ಲ, ನನ್ನ ಸಂಕಟ ಅದು.

ರಸ್ತೆ ಬಂತು, ಗ್ಯಾಸ್ ಬಂತು, ಫ್ರಿಜ್ ಬಂತು. ತಾರಸಿ ಮನೆಗೆ ಅಟ್ಟ ಬೇಡವಾಯಿತು, ಗ್ಯಾಸಿನ ಒಲೆಗೆ ಹೊಗೆಯಿಲ್ಲ. ವಾರಕ್ಕೆ ಬೇಕಾದಷ್ಟು ಸಾಮಾನು ಇದ್ದರೆ ಸಾಕು ಎಂಬುದು ರೂಢಿಯಾಯಿತು. ಮಳೆ ಮಾತ್ರ ಹಳೆಯದೇ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಜರಿದು ಸಂಪಾಜೆ–ಮಡಿಕೇರಿ ರಸ್ತೆ ಕಡಿದುಹೋಯಿತು, ಶಿರಾಡಿ ಘಾಟಿಯೂ ಮುಚ್ಚಿತು. ಮರುವರ್ಷ ಅದೇ ತಿಂಗಳಲ್ಲಿ ಚಾರ್ಮಾಡಿಯ ಸರದಿ. ಗುಡ್ಡವೇ ಮನೆಯ ಮೇಲೆ ಬಿದ್ದವರನ್ನು ಯಾವ ಅಟ್ಟವೂ ಉಳಿಸುತ್ತಿರಲಿಲ್ಲ. ಅವರಿಗೆ ಕಾಳಜಿ ಕೇಂದ್ರವೇ ಗತಿ. ಮನೆ ಉಳಿದು ದಾರಿ ಮಾತ್ರ ಕಡಿದುಹೋದವರ ಮಾತು ಬೇರೆ. ಕರೆಂಟಿಲ್ಲದೆ ಫ್ರಿಜ್ಜು ಬರೀ ಕಪಾಟು. ಹಿಂದೆ ಇಂಥ ದಿನಗಳಲ್ಲಿ ಪಕ್ಕದ ಮನೆಗೊಂದು ಸೇರು ಅಕ್ಕಿ, ನಾಲ್ಕು ಮಿಡಿ ಉಪ್ಪಿನಕಾಯಿ ಹೋಗುತ್ತಿತ್ತು. ಕೊಡಲು ಮನೆಯಲ್ಲಿ ಇರುತ್ತಿತ್ತು.

ವಿಪತ್ತು ನಿರ್ವಹಣೆಯವರು ಈಗ ತುರ್ತು ಕಿಟ್ ಇಟ್ಟುಕೊಳ್ಳಿ ಎನ್ನುತ್ತಾರೆ: ಕುಡಿಯುವ ನೀರು, ಕೆಡದ ಆಹಾರ, ಟಾರ್ಚು, ಔಷಧಿ. ಸರಿಯಾದ ಮಾತು, ಪಾಲಿಸಬೇಕಾದ್ದು. ಆದರೆ ಕೆಡದ ಆಹಾರವೆಂದರೆ ಬಿಸ್ಕತ್ತು, ನೂಡಲ್ಸ್ ಪೊಟ್ಟಣ ಎಂದಷ್ಟೇ ತಿಳಿಯುವ ಸ್ಥಿತಿಗೆ ಈ ನೆಲದವರು ಬಂದದ್ದು ನೋವಿನ ಸಂಗತಿ. ಪೊಟ್ಟಣವನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ಉಪ್ಪಿನ ಹದ ಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರು ಇನ್ನೂ ಇದ್ದರೆ, ಬರುವ ಹಲಸಿನ ಕಾಲದಲ್ಲಿ ಪಕ್ಕದಲ್ಲಿ ಕೂತು ಒಂದು ಭರಣಿ ಸೊಳೆ ಹಾಕಿಸಿಕೊಳ್ಳಿ. ಎಷ್ಟು ಸೊಳೆಗೆ ಎಷ್ಟು ಹಿಡಿ ಉಪ್ಪು ಎಂದು ಕೇಳಿ, ಬರೆದಿಡಿ.