ನಾಳದೊಳಗಿನ ಅಂಬಲಿ

ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವವನಿಗೆ ರಕ್ತನಾಳದ ಗೊಡವೆ ಏಕೆಂದು ನಮ್ಮ ಅಧ್ಯಾಪಕರು ಹುಬ್ಬೇರಿಸಿದರೆ ತಪ್ಪಲ್ಲ. ಆದರೆ ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ತುಳಿದವನು ನಾನೊಬ್ಬನೇ. ಆದಕಾರಣ ಪಹಣಿಯೇ ಇರಲಿ, ಬ್ಯಾಂಕಿನ ನೋಟೀಸೇ ಇರಲಿ, ಆಸ್ಪತ್ರೆಯ ಚೀಟಿಯೇ ಇರಲಿ, ಮನೆಗೆ ಬಂದ ಕಾಗದವೆಲ್ಲ ನನ್ನ ಮುಂದೆಯೇ ಬಂದು ಬೀಳುತ್ತದೆ. ಬಿ.ಎ. ಎಂದರೆ ಸಕಲ ವಿದ್ಯೆಯೂ ಬಂತೆಂದೇ ನಮ್ಮೂರಿನವರ ಲೆಕ್ಕ.

ಹೋದ ಆಷಾಢದಲ್ಲಿ ಅಪ್ಪನಿಗೆ ಹೃದಯಾಘಾತವಾಯಿತು. ಅದಕ್ಕೆ ಮೂರು ತಿಂಗಳು ಮುಂಚೆ ಒಂದು ಆರೋಗ್ಯ ಶಿಬಿರದಲ್ಲಿ ಇ.ಸಿ.ಜಿ. ತೆಗೆದು ‘ಎಲ್ಲ ಸರಿಯಾಗಿದೆ’ ಎಂದು ಬರೆದುಕೊಟ್ಟಿದ್ದರು. ಪುಣ್ಯಕ್ಕೆ ಹೊತ್ತಿಗೆ ಸರಿಯಾಗಿ ಮೈಸೂರು ಮುಟ್ಟಿದೆವು, ಸ್ಟೆಂಟ್ ಹಾಕಿದರು, ಅಪ್ಪ ಉಳಿದರು. ಬೆಳಗಿನ ಮಾತ್ರೆಗಳನ್ನು ಹೇಗೋ ನುಂಗುತ್ತಿದ್ದರು. ರಾತ್ರಿಯ ಕೊಲೆಸ್ಟರಾಲ್ ಮಾತ್ರೆಯನ್ನು ಮಾತ್ರ ಬದಿಗಿಟ್ಟರು. “ಕಟ್ಕಂಡಿದ್ದ ಕಾಲುವೆ ಬಿಡಿಸ್ಬುಟ್ರಲ್ಲ, ನೀರು ಹರೀತಾದೆ. ಇನ್ನು ಇದ್ಯಾತಕ್ಲಾ?” ಎಂಬುದು ಅವರ ವಾದ. ಅದು ನಲವತ್ತು ವರ್ಷ ಗದ್ದೆಗೆ ನೀರು ಹಾಯಿಸಿದವರ ವಾದ, ಸುಮ್ಮನೆ ತಳ್ಳಿಹಾಕುವಂಥದಲ್ಲ. ಉತ್ತರ ಹುಡುಕಲು ಹೊರಟೆ.

ರೋಗದ ಹೆಸರೇ ಮೊದಲು ದಾರಿ ತೋರಿತು. 1904ರಲ್ಲಿ ಜರ್ಮನಿಯ ಫೆಲಿಕ್ಸ್ ಮಾರ್ಶಾಂಡ್ ಎಂಬ ವೈದ್ಯ ಇದಕ್ಕೆ ‘ಅಥೆರೋಸ್ಕ್ಲೆರೋಸಿಸ್’ ಎಂದು ನಾಮಕರಣ ಮಾಡಿದ. ಗ್ರೀಕಿನಲ್ಲಿ ‘ಅಥೆರೆ’ ಎಂದರೆ ಗಂಜಿ, ನಮ್ಮ ಕಡೆಯ ಮಾತಿನಲ್ಲಿ ಅಂಬಲಿ. ‘ಸ್ಕ್ಲೆರೋಸಿಸ್’ ಎಂದರೆ ಗಡುಸಾಗುವುದು. (ಇದನ್ನು ಕೇಳಿದ ನಮ್ಮಜ್ಜಿ ಒಂದು ವಾರ ಅಪ್ಪನಿಗೆ ರಾಗಿ ಅಂಬಲಿ ಕೊಡಲಿಲ್ಲ. ರಾಗಿಗೂ ಈ ರೋಗಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೇನೂ ಇಲ್ಲವೆಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಯಿತು.)

ಕಾಲುವೆಯ ಹೂಳಿನ ಹೋಲಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಈ ಅಂಬಲಿ ಸೇರುವುದು ಏರಿಯ ಒಳಗೆ. ರಕ್ತದಲ್ಲಿ ತೇಲುವ ಕೆಟ್ಟ ಕೊಲೆಸ್ಟರಾಲ್ ನಾಳದ ಒಳಪದರವನ್ನು ದಾಟಿ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆದುಹಾಕಲು ಬಿಳಿಯ ರಕ್ತಕಣಗಳು ಬರುತ್ತವೆ. ತಿಂದು ತಿಂದು ಉಬ್ಬಿ, ನೊರೆಯಂತಾಗಿ, ಅಲ್ಲಿಯೇ ಸಾಯುತ್ತವೆ. ಸತ್ತ ಕಣ, ಕೊಬ್ಬು ಎಲ್ಲ ಬೆರೆತು ಮೆತ್ತನೆಯ ತಿರುಳಾಗುತ್ತದೆ. ನಾಳದ ಸ್ನಾಯುಕೋಶಗಳು ನಾರು ನೇಯ್ದು ಆ ತಿರುಳಿನ ಮೇಲೆ ಹೊದಿಕೆ ಹಾಕುತ್ತವೆ. ಆರಿದ ಅಂಬಲಿಯ ಮೇಲೆ ಕೆನೆ ಕಟ್ಟುವುದಿಲ್ಲವೆ, ಹಾಗೆ. ಇದೇ ಪ್ಲಾಕ್.

ಅಪಾಯವೆಲ್ಲ ಆ ಕೆನೆಯಲ್ಲಿದೆ. ಅದು ದಪ್ಪವಾಗಿದ್ದರೆ ದೊಡ್ಡ ಪ್ಲಾಕ್ ಕೂಡ ವರ್ಷಗಟ್ಟಲೆ ಒಡೆಯದೆ ಇದ್ದೀತು. ದಿಬ್ಬ ಹತ್ತುವಾಗ ಎದೆ ಹಿಡಿದು ಎಚ್ಚರಿಸಲೂಬಹುದು. ತೆಳುವಾಗಿದ್ದರೆ ಚಿಕ್ಕದೂ ಒಡೆದೀತು. ಉರಿಯೂತ ಹೆಚ್ಚಿದ ಕಡೆ ಆ ಬಿಳಿಯ ಕಣಗಳೇ ನಾರನ್ನು ಕರಗಿಸುವ ರಸ ಸುರಿಸುತ್ತವೆ. ಒಡೆದ ಪ್ಲಾಕುಗಳನ್ನು ಶವಪರೀಕ್ಷೆಯಲ್ಲಿ ಅಳೆದವರು 1997ರಲ್ಲಿ ಈ ತೆಳುವಿಗೆ ಒಂದು ಗೆರೆ ಹಾಕಿದರು: 65 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 65! ಅಷ್ಟು ಕೆನೆ ಹರಿದು ಅಂಬಲಿ ರಕ್ತಕ್ಕೆ ತಾಗಿತೋ, ಅಲ್ಲಿಯೇ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಬಹುದು. ಹೃದಯಾಘಾತವಾದವರ ಹಿಂದಿನ ಆಂಜಿಯೋಗ್ರಾಂಗಳನ್ನು 1980ರ ದಶಕದಲ್ಲಿ ತೆಗೆದು ನೋಡಿದಾಗ, ಮುಂದೆ ಮುಚ್ಚಿಕೊಂಡ ಜಾಗ ಮೊದಲು ಅರ್ಧದಷ್ಟೂ ಕಿರಿದಾಗಿರಲಿಲ್ಲವೆಂದು ಹಲವರಲ್ಲಿ ಕಂಡುಬಂತು. ಇದನ್ನೋದಿದ ಮೇಲೆ ಶಿಬಿರದ ಕಾಗದದ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು. ಇ.ಸಿ.ಜಿ. ಬರೆಯುವುದು ಹೃದಯದ ವಿದ್ಯುತ್ತನ್ನು. ಗೋಡೆಯೊಳಗಿನ ಕೆನೆ ಅದಕ್ಕೆ ಕಾಣದು. ಉಳಿದರ್ಧ ಸಿಟ್ಟು ಇಳಿಯಲಿಲ್ಲ. ಅಷ್ಟನ್ನಾದರೂ ಅವರು ಬಾಯಿಬಿಟ್ಟು ಹೇಳಬಹುದಿತ್ತು.

ಸಹಪಾಠಿಗಳೇ, ಇದು ಮುದುಕರ ರೋಗವೆಂದು ಪುಟ ಮಗುಚಬೇಡಿ. ಕೊರಿಯಾ ಯುದ್ಧದಲ್ಲಿ ಮಡಿದ 300 ಮಂದಿ ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿಯೊಂದು 1953ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯಲ್ಲಿ ಈ ರೋಗದ ಗುರುತು ಆಗಲೇ ಮೂಡಿತ್ತು. ಕಾಲೇಜಿನ ಹಿಂದಿನ ಹುಣಸೆಮರದ ಕೆಳಗೆ ಹೊಗೆ ಬಿಡುವ ಮಿತ್ರರು ಯಾರೆಂದು ನಾನಿಲ್ಲಿ ಬರೆಯುವುದಿಲ್ಲ.

ಮಾತ್ರೆಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಜಪಾನಿನ ಅಕಿತ ಪ್ರಾಂತದ ರೈತ ಮನೆತನದಲ್ಲಿ 1933ರಲ್ಲಿ ಹುಟ್ಟಿದ ಅಕಿರ ಎಂಡೊ ಎಂಬವರು ಆರು ಸಾವಿರದಷ್ಟು ಬೂಷ್ಟುಗಳನ್ನು ಸೋಸಿ ನೋಡಿ, 1973ರಲ್ಲಿ ಅಕ್ಕಿಗೆ ಹಿಡಿದಿದ್ದ ನೀಲಿ-ಹಸಿರು ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಕಂಡರು. ಅದು ಮಾರುಕಟ್ಟೆಗೆ ಬರಲಿಲ್ಲ. ಅದೇ ಜಾತಿಯ ಇನ್ನೊಂದು 1987ರಲ್ಲಿ ಅಮೆರಿಕದಲ್ಲಿ ಬಂತು. ಎಂಡೊ 2024ರಲ್ಲಿ ತೀರಿಕೊಂಡರು. ಈ ಮಾತ್ರೆ ಕೊಲೆಸ್ಟರಾಲನ್ನು ಇಳಿಸುವುದರ ಜೊತೆಗೆ ಕೆನೆಯನ್ನೂ ದಪ್ಪ ಮಾಡುತ್ತದೆಂಬುದನ್ನು ನಾಳದೊಳಗೆ ಬೆಳಕಿನ ತಂತಿ ಇಳಿಸಿ ನೋಡಿದವರು ಕಂಡಿದ್ದಾರೆ. ಸ್ಟೆಂಟ್ ತೆರೆದದ್ದು ಒಂದೇ ಜಾಗವನ್ನು. ಏರಿ ಉದ್ದಕ್ಕೂ ಇದೆ.

ಜಗಲಿಯ ಮೇಲೆ ಕೂತು ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಬೂಷ್ಟು ಹಿಡಿದ ಅಕ್ಕಿಯ ಮಾತಿಗೆ ನಕ್ಕರು. ಆಮೇಲೆ, “ಹಂಗಾದ್ರೆ ಏರಿ ಕಾಯಾಕೆ ಆಳು ಮಡಗ್ದಂಗೆ ಅನ್ನು. ಎಷ್ಟು ದಿನ ಕಾಯ್ಬೇಕು?” ಎಂದರು.

“ಇರೋಗಂಟ ಕಣಪ್ಪ.”

ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿ ಬೆಲೆ ಕೇಳಿದರು. ಹೇಳಿದೆ. ಮತ್ತೆ ಮಾತಾಡಲಿಲ್ಲ, ಆ ರಾತ್ರಿ ನುಂಗಿದರು.

ಅವ್ವನಿಗೆ ಓದು ಬಾರದು, ಎಣಿಕೆ ಬರುತ್ತದೆ. ತಿಂಗಳಿಗೆ ಮೂವತ್ತು ಮಾತ್ರೆ, ದಿನಕ್ಕೊಂದು ಖಾಲಿಯಾಗಬೇಕೆಂದು ಹೇಳಿ ಹಾಸ್ಟೆಲಿಗೆ ಬಂದಿದ್ದೇನೆ. ಶನಿವಾರ ಊರಿಗೆ ಹೋದೊಡನೆ ಇಬ್ಬರೂ ಕೂತು ಉಳಿದದ್ದನ್ನು ಎಣಿಸುತ್ತೇವೆ. ಹೋದ ವಾರ ಎರಡು ಹೆಚ್ಚಿಗೆ ಉಳಿದಿದ್ದವು.