ಕಟ್ಟುಪಾಡಿನ ಸೊಗಸು

ಕಾಲೇಜಿನ ಹುಡುಗ ಹುಡುಗಿಯರು ಮ್ಯೂಸಿಕ್ ವಿಡಿಯೊ ಮಾಡಲು ಹೊರಟಾಗ ಮೊದಲು ನೆನೆಯುವುದು ತಮ್ಮ ಮೆಚ್ಚಿನ ಬ್ಯಾಂಡನ್ನು. ಅದು ಸಹಜ, ಒಳ್ಳೆಯದು ಕೂಡ. ಮೆಚ್ಚುಗೆಯಿಲ್ಲದೆ ಯಾವ ಕಲೆಯೂ ಕೈಹತ್ತುವುದಿಲ್ಲ. ಆದರೆ ಮೆಚ್ಚಿದವರಿಂದ ಏನನ್ನು ತೆಗೆದುಕೊಳ್ಳಬೇಕು ಎಂಬಲ್ಲಿ ಎಡವುವವರೇ ಹೆಚ್ಚು. ಕಪ್ಪು ಜಾಕೆಟ್ಟು, ನೀಲಿ ಬೆಳಕು, ಹೊಗೆ, ಮಳೆಯಲ್ಲಿ ನೆನೆಯುವ ಗಿಟಾರ್ ಎಲ್ಲವನ್ನೂ ತಂದು ಜೋಡಿಸಿದರೂ ವಿಡಿಯೊಗೆ ಜೀವ ಬರುವುದಿಲ್ಲ. ಒಳ್ಳೆಯ ಬ್ಯಾಂಡು ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಂಡಿರುತ್ತದೆ. ವಿದ್ಯಾರ್ಥಿ ಎರವಲು ತರಬೇಕಾದದ್ದು ಅದನ್ನು. ಈ ಮಾತಿಗೆ ಅಮೆರಿಕದ ಓಕೆ ಗೋ ಬ್ಯಾಂಡಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

1998ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಈ ಬ್ಯಾಂಡಿನ ‘ಎ ಮಿಲಿಯನ್ ವೇಸ್’ ವಿಡಿಯೊದಲ್ಲಿ (2005) ಇರುವುದು ಇಷ್ಟೇ: ಮನೆಯ ಹಿತ್ತಲು, ನಾಲ್ವರ ಕುಣಿತ, ಕದಲದೆ ನಿಂತ ಕ್ಯಾಮೆರಾ. ಮರುವರ್ಷ ಬಂದ ‘ಹಿಯರ್ ಇಟ್ ಗೋಸ್ ಎಗೇನ್’ ಅದೇ ಹಾದಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಹಾಡುಗಾರ ಡೇಮಿಯನ್ ಕುಲಾಶ್ ಅವರ ಅಕ್ಕ ಟ್ರಿಶ್ ಸೀ ಅದರ ನಿರ್ದೇಶಕಿ. ಎಂಟು ಟ್ರೆಡ್‌ಮಿಲ್‌ಗಳು ಎರಡು ಸಾಲಾಗಿ ನಿಂತಿವೆ. ಒಂದರ ಪಟ್ಟಿ ಮುಂದಕ್ಕೆ ಓಡಿದರೆ ಪಕ್ಕದ್ದು ಹಿಂದಕ್ಕೆ. ನಾಲ್ವರೂ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ, ಜಾರುತ್ತ, ತಾಳಕ್ಕೆ ಸರಿಯಾಗಿ ಕಾಲಿಡುತ್ತಾರೆ. ನಡುವೆ ಒಂದು ಕಟ್ ಕೂಡ ಇಲ್ಲ. ಒಬ್ಬರ ಹೆಜ್ಜೆ ತಪ್ಪಿದರೂ ಎಲ್ಲರೂ ಮೊದಲಿನಿಂದ ಶುರುಮಾಡಬೇಕು ಎಂಬುದು ನೋಡುವವರಿಗೂ ಗೊತ್ತು. ಕಣ್ಣು ಕೀಲಿಸುವುದು ಆ ಅಪಾಯ. 2007ರಲ್ಲಿ ಈ ವಿಡಿಯೊಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ಕಟ್ಟುಪಾಡು ಕಲ್ಪನೆಯ ಕೈಕಟ್ಟುತ್ತದೆ ಎನ್ನುವವರು ಇದೇ ಬ್ಯಾಂಡಿನ ‘ದಿಸ್ ಟೂ ಶಲ್ ಪಾಸ್’ ಹಾಡಿಗೆ 2010ರಲ್ಲಿ ಕಟ್ಟಿದ ಯಂತ್ರವನ್ನು ನೋಡಬೇಕು. ಒಂದು ವಸ್ತು ಉರುಳಿ ಇನ್ನೊಂದನ್ನು ತಳ್ಳುತ್ತ, ಸರಪಳಿಯಂತೆ ಹಾಡಿನುದ್ದಕ್ಕೂ ಸಾಗಬೇಕು. ಹಾಡಿನ ಲಯಕ್ಕೂ ಹೊಂದಬೇಕು. ಹೀಗೆ ಪಟ್ಟು ಹಿಡಿದದ್ದರಿಂದಲೇ ಒಂದು ಒಳ್ಳೆಯ ಉಪಾಯ ಹೊಳೆಯಿತು. ಡಾಮಿನೊ ಬಿಲ್ಲೆಯಂಥ ಸಣ್ಣ ವಸ್ತುಗಳೇ ಹೆಚ್ಚು ಕೈಕೊಡುವುದರಿಂದ ಅವನ್ನು ಆರಂಭದಲ್ಲೇ ಇಟ್ಟರು. ಅಲ್ಲಿ ತಪ್ಪಿದರೆ ಮತ್ತೆ ಜೋಡಿಸುವುದು ಸುಲಭ. ಭಾರಿ ವಸ್ತುಗಳೆಲ್ಲ ಬಿದ್ದ ಮೇಲೆ ತಪ್ಪಿದರೆ ದಿನವೇ ಹಾಳು. ಸಣ್ಣದರಿಂದ ದೊಡ್ಡದಕ್ಕೆ ಏರುತ್ತ ಹೋಗುವ ಆ ವಿಡಿಯೊದ ಬೆಳವಣಿಗೆ ನಮಗೆ ಕಲೆಯಾಗಿ ಕಂಡರೂ ಅದರ ಬೇರಿರುವುದು ಇಂಥ ವ್ಯಾವಹಾರಿಕ ವಿವೇಕದಲ್ಲಿ.

ಇದೆಲ್ಲ ಹಣವಿದ್ದವರ ಆಟ, ವಿದ್ಯಾರ್ಥಿಗಳ ಕೈಗೆಟುಕುವಂಥದ್ದಲ್ಲ ಎಂಬ ಆಕ್ಷೇಪಣೆ ಏಳಬಹುದು. ನಿಜ, 2016ರಲ್ಲಿ ಇದೇ ಬ್ಯಾಂಡು ರಷ್ಯಾದಲ್ಲಿ ವಿಮಾನ ಹತ್ತಿ, ಒಂದು ಸಲಕ್ಕೆ ಅರ್ಧ ನಿಮಿಷವೂ ಸಿಗದ ತೂಕವಿಲ್ಲದ ಸ್ಥಿತಿಯಲ್ಲಿ ತೇಲುತ್ತ ಚಿತ್ರೀಕರಿಸಿತು. ಆದರೆ ಅದರ ದಾರಿ ಶುರುವಾದದ್ದು ಹಿತ್ತಲಲ್ಲಿ. ಫ್ರಾನ್ಸಿನ ಮಿಶೆಲ್ ಗೊಂಡ್ರಿಯ ಉದಾಹರಣೆಯೂ ಇದೆ. ತಾವೇ ಡ್ರಮ್ ಬಾರಿಸುತ್ತಿದ್ದ ವಿ ವಿ ಬ್ಯಾಂಡಿಗೆ ವಿಡಿಯೊ ಮಾಡುತ್ತ ಕೈ ಪಳಗಿಸಿಕೊಂಡವರು ಅವರು. ಆ ವಿಡಿಯೊಗಳನ್ನು ಕಂಡು ಗಾಯಕಿ ಬ್ಯೋರ್ಕ್ ಗೊಂಡ್ರಿಯವರನ್ನು ಕರೆಸಿಕೊಂಡರು. 2003ರಲ್ಲಿ ವೈಟ್ ಸ್ಟ್ರೈಪ್ಸ್ ಬ್ಯಾಂಡಿಗೆ ಗೊಂಡ್ರಿ ಮಾಡಿದ ವಿಡಿಯೊದಲ್ಲಿ ಪ್ರತಿ ಪೆಟ್ಟಿಗೂ ಹೊಸದೊಂದು ಡ್ರಮ್ ಸೆಟ್ಟು ಪ್ರತ್ಯಕ್ಷವಾಗುತ್ತ ಬೀದಿಗುಂಟ ಸಾಲು ಬೆಳೆಯುತ್ತದೆ. ಅಷ್ಟು ಡ್ರಮ್ಮುಗಳು ನಮ್ಮಲ್ಲಿಲ್ಲದಿರಬಹುದು. ‘ಪೆಟ್ಟಿಗೊಂದು ವಸ್ತು’ ಎಂಬ ನಿಯಮವನ್ನು ಹಾಸ್ಟೆಲ್ಲಿನ ಬಕೆಟ್ಟುಗಳಿಂದಲೂ ಒಂದು ಮೊಬೈಲಿನಿಂದಲೂ ಪಾಲಿಸಬಹುದು.

ಅನುಕರಣೆಯೇ ಕಲಿಕೆಯಲ್ಲವೇ, ಸಂಗೀತವನ್ನು ನಾವು ಗುರು ಹಾಡಿದಂತೆಯೇ ಹಾಡಿ ಕಲಿಯುವುದಿಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ಅಭ್ಯಾಸಕ್ಕೆ ಅನುಕರಣೆ ಬೇಕೇ ಬೇಕು. ಮೆಚ್ಚಿದ ವಿಡಿಯೊದ ಒಂದು ಶಾಟನ್ನು ಹಾಗೆಯೇ ತೆಗೆದು ನೋಡಿದರೆ ಬೆಳಕು, ಅಂತರ, ವೇಗಗಳ ಗುಟ್ಟು ತಿಳಿಯುತ್ತದೆ. ಆದರೆ ಗುರುವಿನಿಂದ ಕಲಿತವನು ಕಛೇರಿಗೆ ಕೂತಾಗ ರಾಗದ ಚೌಕಟ್ಟನ್ನು ಉಳಿಸಿಕೊಂಡು ಮನೋಧರ್ಮವನ್ನು ತನ್ನದಾಗಿಸಿಕೊಳ್ಳಬೇಕು. ವಿಡಿಯೊಗೂ ಇದೇ ನ್ಯಾಯ. ನಿಯಮವನ್ನೇ ನಕಲು ಮಾಡಿದರೂ ಅದು ನಕಲೇ ಅಲ್ಲವೇ ಎಂದರೆ, ಅಲ್ಲ. ಒಂದೇ ಟೇಕಿನ ನಿಯಮ ನಿಮ್ಮ ಹಾಡಿನ ಉದ್ದ, ನಿಮ್ಮ ಕಾಲೇಜಿನ ಕಾರಿಡಾರು, ನಿಮ್ಮ ಗೆಳೆಯರ ಮೈಬಳುಕಿಗೆ ಸಿಕ್ಕಾಗ ಬೇರೆಯದೇ ರೂಪ ತಾಳುತ್ತದೆ. ವೇಷಕ್ಕೆ ಆ ಗುಣವಿಲ್ಲ. ಎಲ್ಲಿ ತೊಟ್ಟರೂ ಅದು ಮೂಲದ ಮಂಕಾದ ಪ್ರತಿಯೇ.

ಆದ್ದರಿಂದ ಕ್ಯಾಮೆರಾ ಎತ್ತಿಕೊಳ್ಳುವ ಮುನ್ನ ಹಾಡಿನ ಜೊತೆ ಕೂರಿ. ಪಲ್ಲವಿ ಎಲ್ಲಿ ಮರಳುತ್ತದೆ, ತಾಳ ಎಲ್ಲಿ ಬಿಗಿಯುತ್ತದೆ, ಎಲ್ಲಿ ಬಿಡುವು ಸಿಗುತ್ತದೆ ಎಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ನಿಮ್ಮ ಮೆಚ್ಚಿನ ಬ್ಯಾಂಡು ಯಾವುದನ್ನು ಬೇಡವೆಂದು ಬಿಟ್ಟಿದೆ ಎಂದು ಹುಡುಕಿ. ಆ ಹಾಡಿಗೆ ಒಪ್ಪುವ ಒಂದೇ ಒಂದು ನಿಯಮ ಆರಿಸಿ, ಕೊನೆಯ ಶಾಟಿನವರೆಗೂ ಅದನ್ನು ಮುರಿಯಬೇಡಿ. ನೀವು ಮೆಚ್ಚಿದ ಬ್ಯಾಂಡಿಗೆ ನೀವು ಸಲ್ಲಿಸಬಹುದಾದ ನಿಜವಾದ ಗೌರವ ಅದು.