ಯಾವ ಪರೀಕ್ಷೆಗೆ ಕಟ್ಟುವುದು?

ಮೂವತ್ತು ವರ್ಷಕ್ಕೂ ಮಿಗಿಲಾಗಿ ಪರರ ಮಕ್ಕಳನ್ನು ಪರೀಕ್ಷೆಗೆ ಕಟ್ಟಿಸಿದವನು ನಾನು. ಯಾವ ಹುಡುಗನು ಯಾವ ಪರೀಕ್ಷೆಗೆ ಯೋಗ್ಯನೆಂಬುದನ್ನು ಮುಖ ನೋಡಿಯೇ ಹೇಳಬಲ್ಲೆನೆಂಬ ಜಂಬವೂ ನನಗಿದ್ದಿತು. ನಿವೃತ್ತನಾದ ಮರುವರ್ಷ ನಾನೇ ಒಂದು ಪರೀಕ್ಷೆಗೆ ಕಟ್ಟುವ ಪ್ರಸಂಗ ಒದಗಿದಾಗ ಮಾತ್ರ ಮೂರು ತಿಂಗಳು ಯಾವುದನ್ನೂ ನಿಶ್ಚಯಿಸಲಾರದೆ ಹೊಯ್ದಾಡಿದೆನು. ಆ ಪರೀಕ್ಷೆ ಸಂಸ್ಕೃತದ್ದಲ್ಲ; ಹವ್ಯಾಸಿ ರೇಡಿಯೋದ್ದು.

ಈ ಹುಚ್ಚು ಹಿಡಿದ ಕಾರಣವನ್ನು ಮೊದಲು ಹೇಳಿಬಿಡುವೆನು. 2024ರ ಜುಲೈ ತಿಂಗಳಲ್ಲಿ ನಮ್ಮ ಮಲೆನಾಡಿನಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ನನ್ನ ಭಾವಮೈದುನನ ಮನೆ ಘಟ್ಟದ ಅಂಚಿನಲ್ಲಿದೆ. ನಮ್ಮೂರಿಗೆ ಹದಿನೆಂಟು ಮೈಲಿ. ಮರಗಳು ಬಿದ್ದು ಆ ಕಡೆ ವಿದ್ಯುತ್ತು ಹೋಯಿತು. ಮೊಬೈಲಿನ ಗೋಪುರವು ತನ್ನ ಬ್ಯಾಟರಿ ಇರುವ ತನಕ ಉಸಿರಾಡಿ, ಆಮೇಲೆ ಅದೂ ಸುಮ್ಮನಾಯಿತು. "ಮನೆಯ ಹಿಂದಿನ ಧರೆ ಬಿರಿದಿದೆ" ಎಂಬುದು ಅಲ್ಲಿಂದ ಬಂದ ಕೊನೆಯ ಮಾತು. ಅನಂತರ ನಾಲ್ಕು ದಿನ ಏನೂ ಇಲ್ಲ. ನನ್ನ ಹೆಂಡತಿ ಫೋನನ್ನು ಒಲೆಯ ಪಕ್ಕದಲ್ಲಿಟ್ಟುಕೊಂಡೇ ಅಡಿಗೆ ಮಾಡಿದಳು. ಮೂರು ದಿನವೂ ಅನ್ನ ತಳಹಿಡಿಯಿತು. ನಾನು ಮಾತನಾಡದೆ ಉಂಡೆನು. ಐದನೆಯ ದಿನ ಲಾರಿಯವನೊಬ್ಬನು ಚೀಟಿಯೊಂದನ್ನು ತಂದುಕೊಟ್ಟನು. ಕೊಟ್ಟಿಗೆಯೂ ಎರಡು ಹಸುಗಳೂ ಮಣ್ಣಿನಡಿಯಾಗಿದ್ದುವು, ಜನರೆಲ್ಲರೂ ಉಳಿದಿದ್ದರು.

ನಮ್ಮ ಬೀದಿಯಲ್ಲಿ ತಂತಿ ಇಲಾಖೆಯಲ್ಲಿ ದುಡಿದು ಬಿಡುವಾದ ವೃದ್ಧರೊಬ್ಬರಿದ್ದಾರೆ. ಊರಿನವರಿಗೆಲ್ಲ ಅವರು ರಾಯರು, ಎಪ್ಪತ್ತೊಂಬತ್ತು ವರ್ಷ. 2013ರ ಜುಲೈ 15ರಂದು ನಮ್ಮ ದೇಶದ ತಂತಿ ಸೇವೆಯೇ ನಿಂತುಹೋದಾಗ ಅವರು ಆ ದಿನ ಊಟ ಮಾಡಲಿಲ್ಲವಂತೆ. ಅವರ ಮಹಡಿಯಲ್ಲಿ ಒಂದು ರೇಡಿಯೋ ಯಂತ್ರವಿದೆ. ಕಾರಿನ ಬ್ಯಾಟರಿಯಿಂದಲೇ ನಡೆಯುವಂಥದು. ಚೀಟಿಯ ಕಥೆಯನ್ನು ಕೇಳಿ ಅವರು, "ಮೇಷ್ಟ್ರೇ, ಆ ಕಡೆ ಇಂಥದೊಂದು ಇದ್ದಿದ್ದರೆ ನಾಲ್ಕು ದಿನ ಕಾಯಬೇಕಿರಲಿಲ್ಲ" ಎಂದರು. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನನ್ನು ಹೊಡೆದಾಗ ಪೋರ್ಟ್ ಬ್ಲೇರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ಮಹಿಳೆ ಅದಾಗಲೇ ತಮ್ಮ ಯಂತ್ರವನ್ನು ಹೂಡಿಕೊಂಡಿದ್ದರು; ಮಿಕ್ಕ ಮಾರ್ಗಗಳು ಮುರಿದಿದ್ದ ಆ ದಿನಗಳಲ್ಲಿ ದ್ವೀಪದ ಜನರ ಕ್ಷೇಮಸಮಾಚಾರ ಅವರ ಮೂಲಕ ಹೊರಗೆ ಬಂದಿತು. ಇದನ್ನೂ ರಾಯರೇ ಹೇಳಿದರು.

ಅಂದೇ ನಿಶ್ಚಯಿಸಿದೆನು, ಕಲಿಯಬೇಕೆಂದು. ಏನನ್ನು ಕಲಿಯಬೇಕೆಂಬಲ್ಲಿ ತೊಡಕು ಹುಟ್ಟಿತು.

ಆಗ ನಡೆಯುತ್ತಿದ್ದ ಕ್ರಮದಲ್ಲಿ ಲೈಸೆನ್ಸಿಗೆ ಎರಡು ಶ್ರೇಣಿಗಳು: ರೆಸ್ಟ್ರಿಕ್ಟೆಡ್ ಎಂಬುದೊಂದು, ಜನರಲ್ ಎಂಬುದೊಂದು. ಹನ್ನೆರಡು ವರ್ಷ ತುಂಬಿದ ಯಾರಾದರೂ ಕಟ್ಟಬಹುದು. ವಿದ್ಯುಚ್ಛಾಸ್ತ್ರ, ರೇಡಿಯೋ ಯಂತ್ರದ ತತ್ತ್ವ, ನಿಯಮಾವಳಿ, ಇವು ಎರಡಕ್ಕೂ ಉಂಟು. ನಿಯಮಗಳೇನೂ ಕಠಿಣವಲ್ಲ, ಗುಪ್ತಭಾಷೆ ಕೂಡದು, ವ್ಯಾಪಾರದ ಮಾತು ಕೂಡದು. ಅಡಿಕೆಯ ಧಾರಣೆಯನ್ನು ಕೇಳುವಂತಿಲ್ಲವೆಂದ ಮೇಲೆ ನಮ್ಮ ಕಡೆಯವರು ರೇಡಿಯೋದಲ್ಲಿ ಏನು ಮಾತನಾಡುವರೋ ನಾನರಿಯೆ. ಭೇದವಿರುವುದು ಮುಖ್ಯವಾಗಿ ಮೋರ್ಸ್ ಸಂಕೇತದಲ್ಲಿ. ಜನರಲ್ ಶ್ರೇಣಿಯವನು ನಿಮಿಷಕ್ಕೆ ಎಂಟು ಪದಗಳಂತೆ ಅದನ್ನು ಕಳುಹಿಸಲೂ ಕೇಳಿ ಬರೆದುಕೊಳ್ಳಲೂ ಬೇಕು. ಅವನಿಗೆ ಹೆಚ್ಚಿನ ಶಕ್ತಿಯ ಯಂತ್ರವೂ, ವಿಯು2 ಎಂದು ಮೊದಲಾಗುವ ಕರೆಹೆಸರೂ ದೊರೆಯುವುವು. ರೆಸ್ಟ್ರಿಕ್ಟೆಡ್ ಶ್ರೇಣಿಯವನಿಗೆ ಮೋರ್ಸ್ ಬೇಡ. ಅವನ ಹೆಸರು ವಿಯು3. ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ಕಟ್ಟನ್ನು 2003ರಲ್ಲಿಯೇ ಸಡಿಲಿಸಿ ಆಯಾ ದೇಶದ ಇಚ್ಛೆಗೆ ಬಿಟ್ಟಿದ್ದರು. ಅಮೆರಿಕದವರು 2007ರಲ್ಲಿ ಅದನ್ನು ಪೂರ್ಣವಾಗಿ ಕೈಬಿಟ್ಟರು. ನಮ್ಮವರು ಮೇಲಿನ ಶ್ರೇಣಿಗೆ ಉಳಿಸಿಕೊಂಡರು.

ರಾಯರ ಒತ್ತಾಯವೆಲ್ಲ ಜನರಲ್ಲಿಗೆ. "ಮಾತು ಮುಳುಗುವ ಕಡೆ ಮೋರ್ಸ್ ತೇಲುತ್ತದೆ" ಎನ್ನುವರು. ಅದು ಸುಳ್ಳಲ್ಲ. ಮನುಷ್ಯನ ಧ್ವನಿ ಆಕಾಶದಲ್ಲಿ ಹಿಡಿಯುವಷ್ಟು ಜಾಗದಲ್ಲಿ ಹತ್ತಾರು ಮೋರ್ಸ್ ಸಂದೇಶಗಳು ಪಕ್ಕಪಕ್ಕದಲ್ಲಿ ಹೋಗಬಹುದು. ಸಿಡಿಲಿನ ಗರಗರದ ನಡುವೆಯೂ ಅದರ ಸಣ್ಣ ಸ್ವರ ಕಿವಿಗೆ ಸಿಕ್ಕುವುದು.

ಆದರೆ ನನ್ನನ್ನು ಅದು ಎಳೆದದ್ದು ಬೇರೆ ದಾರಿಯಿಂದ. ರಾಯರು ಬರೆದುಕೊಟ್ಟ ಪಟ್ಟಿಯನ್ನು ನೋಡುತ್ತಿದ್ದಂತೆ ನಾನು ಕುಳಿತಲ್ಲಿಯೇ ನಕ್ಕೆನು. ಚುಕ್ಕಿಯನ್ನು ಲಘುವೆಂದೂ ಗೀಟನ್ನು ಗುರುವೆಂದೂ ಇಟ್ಟುಕೊಂಡರೆ, ಮೂರು ಗುರುತುಗಳ ಇಂಗ್ಲಿಷ್ ಅಕ್ಷರಗಳು ಎಂಟೇ ಎಂಟು, ಅವು ನಮ್ಮ ಎಂಟು ಗಣಗಳೇ! ಎಸ್ ಎಂಬುದು ನಗಣ, ಓ ಎಂಬುದು ಮಗಣ. ಡಿ ಭಗಣ, ಡಬ್ಲ್ಯು ಯಗಣ, ಆರ್ ಜಗಣ, ಕೆ ರಗಣ, ಯು ಸಗಣ, ಜಿ ತಗಣ. ಒಂದೂ ಬಿಟ್ಟಿಲ್ಲ, ಒಂದೂ ಮಿಕ್ಕಿಲ್ಲ. ಮುಳುಗುವ ಹಡಗಿನವರು ಕೂಗುವ ಎಸ್ ಓ ಎಸ್ ಎಂಬುದು ನಗಣ ಮಗಣ ನಗಣ. ಪಿಂಗಲನ ಪ್ರಸ್ತಾರದಂತೆ ಒಂದರಿಂದ ನಾಲ್ಕು ಗುರುತುಗಳವರೆಗೆ ಲೆಕ್ಕ ಹಾಕಿದರೆ ಎರಡು, ನಾಲ್ಕು, ಎಂಟು, ಹದಿನಾರು, ಒಟ್ಟು ಮೂವತ್ತು ಭೇದಗಳಾಗುವುವು. ಅವುಗಳಲ್ಲಿ ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳಿಗೆ ಸಂದಿವೆ. ಎಂಟು ಅಕ್ಷರಗಳನ್ನು ಒಂದೇ ಸಂಜೆಯಲ್ಲಿ ಕಂಠಸ್ಥ ಮಾಡಿ, ಮರುದಿನ ಬಹು ಠೀವಿಯಿಂದ ಕೀಲಿಯ ಮುಂದೆ ಕುಳಿತೆನು.

ರಾಯರು ಕಣ್ಣು ಮುಚ್ಚಿ ಕೇಳಿ, "ಏನೂ ಅರ್ಥವಾಗಲಿಲ್ಲ, ನಿಮ್ಮ ಗೀಟು ಕುಳ್ಳಾಯಿತು" ಎಂದರು. ತಪ್ಪು ನನ್ನ ವಿದ್ಯೆಯದೇ. ಛಂದಸ್ಸಿನ ಗುರುವಿಗೆ ಎರಡು ಮಾತ್ರೆ. ಮೋರ್ಸಿನ ಗೀಟು ಚುಕ್ಕಿಯ ಮೂರರಷ್ಟು. ಅದು ದೀರ್ಘವಲ್ಲ, ಪ್ಲುತ! ದೂರದಲ್ಲಿರುವವನನ್ನು ಕೂಗುವಾಗ ಹೆಸರಿನ ಕೊನೆಯನ್ನು ಎಳೆಯುವೆವಲ್ಲ, ವೈಯಾಕರಣರು ಮೂರು ಮಾತ್ರೆ ಕೊಟ್ಟ ಆ ಸ್ವರ. ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಒಂದು ಮಾತ್ರೆ ಎಂದರೆ ಸೆಕೆಂಡಿನ ನೂರರಲ್ಲಿ ಹದಿನೈದು ಪಾಲು. ನನ್ನ ಎಡಗಿವಿ ಕೆಲವು ವರ್ಷಗಳಿಂದ ಮಂದ. ಕೈಯನ್ನು ತಿದ್ದಿಕೊಂಡೆನು, ಕಿವಿ ತಿದ್ದುವುದಾಗಲಿಲ್ಲ. ಮೂರು ತಿಂಗಳಾದರೂ ನಾಲ್ಕು ಪದಗಳನ್ನು ದಾಟಲಿಲ್ಲ.

ಆಗ ಕೆಳಗಿನ ಪರೀಕ್ಷೆಗೆ ಕಟ್ಟಬಹುದಿತ್ತು. ಕಟ್ಟಲು ಮನಸ್ಸು ಬಾರದು. ಮೇಲಿನದು ಕಣ್ಣೆದುರಿಗಿರುವಾಗ ಕೆಳಗಿನದಕ್ಕೆ ಕೈಚಾಚುವುದು ಹೇಡಿತನವೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಹಾಗೆ ಹೇಳಿ ಒಬ್ಬ ಹುಡುಗನನ್ನು ನಾನೇ ಕೆಡಿಸಿದೆನು. ಕಲಾವಿಭಾಗಕ್ಕೆ ಸೇರುವೆನೆಂದವನನ್ನು, ಬುದ್ಧಿವಂತನೆಂದು, ವಿಜ್ಞಾನಕ್ಕೆ ನೂಕಿದೆನು. ಎರಡು ಸಲ ತಪ್ಪಿ ಅವನು ಓದನ್ನೇ ಬಿಟ್ಟನು. ಇಂದಿಗೂ ಪೇಟೆಯಲ್ಲಿ ಕಂಡರೆ ಚಪ್ಪಲಿ ಬಿಟ್ಟು ನಮಸ್ಕರಿಸುತ್ತಾನೆ. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ತೊಡಕನ್ನು ಬಿಡಿಸಿದವಳು ನನ್ನ ಹೆಂಡತಿ. ಒಂದು ರಾತ್ರಿ ನಾನು ಮೇಜನ್ನು ಕುಟ್ಟುತ್ತಿರುವಾಗ ಹೂ ಕಟ್ಟುತ್ತಿದ್ದವಳು ಕೇಳಿದಳು:

"ನೀವು ಇದನ್ನು ಕಲಿತು ಕುಟ್ಟಿದರೆ, ಅಲ್ಲಿ ಕೇಳಿಸಿಕೊಳ್ಳುವವರು ಯಾರು?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಮನೆಯಲ್ಲಿ ಲೈಸೆನ್ಸು ಇರುವವರೇ ಇಲ್ಲ! ನಾನು ಜನರಲ್ ಆದರೂ, ವಿಯು2 ಎಂದು ಬಾಗಿಲಿಗೆ ಹಲಗೆ ಹೊಡೆದರೂ, ಧರೆ ಬಿರಿದ ದಿನ ಆ ತುದಿಯಲ್ಲಿ ಮೌನವೇ. ಇಷ್ಟು ದಿನ ನಾನು ಯೋಚಿಸಿದ್ದು ನನ್ನ ಅಂತಸ್ತನ್ನು. ತಮ್ಮನ ಮನೆಯನ್ನು ಯೋಚಿಸಿದವಳು ಅವಳೊಬ್ಬಳೇ.

ಭಾವಮೈದುನನ ಮಗನಿಗೆ ಹತ್ತೊಂಬತ್ತು ವರ್ಷ. ಮರುದಿನವೇ ಫೋನು ಮಾಡಿದೆನು. "ಮಾವ, ಮೋರ್ಸ್ ಎಲ್ಲ ನನ್ನಿಂದಾಗದು. ಮಾತಿನ ಪರೀಕ್ಷೆಯಾದರೆ ನಿಮ್ಮ ಜೊತೆ ನಾನೂ ಕೂರುತ್ತೇನೆ" ಎಂದನು. ಹಾಗೆಂದ ಮೇಲೆ ಯೋಚಿಸುವುದೇನು? ಅವನು ಕೂರುವ ಪರೀಕ್ಷೆಗೆ ನಾನೂ ಕೂರಬೇಕು.

ರಾಯರಿಗೆ ತಿಳಿಸುವುದೇ ಕಷ್ಟವಾಯಿತು. ಅವರು ಬಹಳ ಹೊತ್ತು ಕೀಲಿಯ ಮೇಲಿನ ಧೂಳನ್ನು ಒರಸಿದರು. "ಇರಲಿ ಮೇಷ್ಟ್ರೇ, ನನಗೂ ಕೇಳುವವರು ಕಡಿಮೆಯಾಗಿದ್ದಾರೆ" ಎಂದಷ್ಟೇ ನುಡಿದರು. ಆ ಮಾತು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು.

2025ರಲ್ಲಿ ನಾವಿಬ್ಬರೂ ಪರೀಕ್ಷೆ ಬರೆದೆವು. ಓಮನ ನಿಯಮವನ್ನು ಹುಡುಗನು ನನಗೆ ಹೇಳಿಕೊಟ್ಟನು. ಅಂಕಗಳೂ ಅವನಿಗೇ ಹೆಚ್ಚು. ಇಬ್ಬರೂ ತೇರ್ಗಡೆಯಾದೆವು. ನಡುವೆ ಬೆಟ್ಟವಿರುವುದರಿಂದ ಕೈಯಲ್ಲಿ ಹಿಡಿಯುವ ಯಂತ್ರವನ್ನು ನಂಬುವಂತಿಲ್ಲ. 7 ಮೆಗಾಹರ್ಟ್ಸಿನ ಅಲೆ ಮುಗಿಲ ಮೇಲಿನ ಅಯಾನಮಂಡಲಕ್ಕೆ ತಾಗಿ ಕೆಳಗಿಳಿಯುವುದಾದ್ದರಿಂದ ಅದಕ್ಕೆ ಬೆಟ್ಟದ ತಡೆಯಿಲ್ಲ. ಅದಕ್ಕೆ ಸುಮಾರು 20 ಮೀಟರು ಉದ್ದದ ತಂತಿ ಕಟ್ಟಬೇಕು. ಅವರ ಅಂಗಳದಲ್ಲಿ ಎರಡು ಅಡಿಕೆಮರಗಳಿಗೂ, ನಮ್ಮಲ್ಲಿ ತೆಂಗಿನಮರಕ್ಕೂ ಮಹಡಿಯ ಮೂಲೆಗೂ ಅಳತೆ ಹಿಡಿದಾಗಿದೆ. ತನ್ನ ಬಟ್ಟೆಯ ಹಗ್ಗಕ್ಕೆ ಅಡ್ಡವಾಗದಿದ್ದರೆ ಸರಿಯೆಂದು ನನ್ನ ಹೆಂಡತಿಯೂ ಒಪ್ಪಿದ್ದಾಳೆ.

ರಾಯರ ಮನೆಗೆ ಹೋಗುವುದನ್ನು ನಾನು ಬಿಟ್ಟಿಲ್ಲ. ದೀಪ ಹಚ್ಚಿದ ಮೇಲೆ ಒಂದು ಗಂಟೆ ಅವರು ಕುಟ್ಟುವರು, ನಾನು ಬಲಗಿವಿಯನ್ನು ಅತ್ತ ತಿರುಗಿಸಿ ಬರೆದುಕೊಳ್ಳುವೆನು. ಎಂಟು ಪದಗಳು ಇನ್ನೂ ಬಂದಿಲ್ಲ. ಹೋದ ವಾರ ಐದು ಆಯಿತು.